ಮುಂಬಯಿ ಗೋದಿಯ ಹಡಗುಗಳೂ ಅವುಗಳ ನಕ್ಷೆಗಳೂ

ಮುಂಬಯಿಯ ಕೋಟೆ ವಿಭಾಗಕ್ಕೆ ನೌಕರಿಯ ನಿಮಿತ್ತ ದಿನವೂ ಬಂದು ಹೋಗುವ ಕನ್ನಡಿಗರಿಗೆ ಲೆಕ್ಕವಿಲ್ಲ. ಹಾರ್ನಿಮನ್ ಸರ್ಕಲಿನ ಹಳೆಯ ಮರಗಳು, ಟೌನ್ ಹಾಲಿನ ಕಂಬಗಳು, ಅದರ ಎತ್ತರದ ಮೆಟ್ಟಲುಗಳ ಮೇಲೆ ಕುಳಿತು ಓದುವ, ಹರಟುವ ವಿದ್ಯಾರ್ಥಿಗಳು, ಇವೆಲ್ಲ ನಮಗೆ ದಿನನಿತ್ಯದ ನೋಟ. ಅಲ್ಲಿಂದ ಶಹೀದ್ ಭಗತ್ ಸಿಂಗ್ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆದರೆ ಎಡಗಡೆಗೆ ಒಂದು ಉದ್ದನೆಯ ಗೋಡೆ ಜೊತೆಗೆ ಬರುತ್ತದೆ. ಗೋಡೆಯ ನಡುವೆ ಸಿಂಹಗಳ ಕಾವಲಿರುವ ಒಂದು ಬಾಗಿಲು. ಇದೇ ಲಯನ್ ಗೇಟ್. ಒಳಗಿರುವುದು ಭಾರತ ನೌಕಾಪಡೆಯ ಗೋದಿ. ಬಂದೂಕು ಹಿಡಿದ ಪಹರೆಯವನು ನಿಂತಿರುತ್ತಾನೆ. ಪರವಾನಿಗೆ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಆದುದರಿಂದ ನಾವು ಗೋಡೆಯನ್ನು ಮಾತ್ರ ನೋಡುತ್ತ, ಗಡಿಯಾರವನ್ನು ನೋಡುತ್ತ, ಅವಸರದಿಂದ ಮುಂದೆ ಸಾಗುತ್ತೇವೆ.

ಆದರೆ ಈ ಗೋಡೆಯ ಆಚೆ ನಡೆದ ಕೆಲಸ ಸಾಮಾನ್ಯವಾದುದಲ್ಲ. ಕಡಲಿನ ನೀರನ್ನು ಬಾಗಿಲು ಹಾಕಿ ತಡೆದು, ಒಳಗಿನದನ್ನು ಬರಿದು ಮಾಡಿ, ಒಣನೆಲದ ಮೇಲೆ ಹಡಗನ್ನು ಕೂರಿಸಿ ಕೆಲಸ ಮಾಡುವ ಕಲ್ಲುಕಟ್ಟಡದ ಗೋದಿಯೊಂದು ಇಲ್ಲಿ 1750ರಲ್ಲಿಯೇ ಸಿದ್ಧವಾಗಿತ್ತು. ಆಮೇಲೆ ಅದರ ಪಕ್ಕದಲ್ಲಿ ಇನ್ನೆರಡು ಬಂದುವು. 1810ರ ಹೊತ್ತಿಗೆ, ಗವರ್ನರ್ ಜೊನಾಥನ್ ಡಂಕನನ ಹೆಸರಿನ ಮತ್ತೂ ದೊಡ್ಡದೊಂದು ಗೋದಿ ಆಯಿತು. ಈ ಗೋದಿಗಳಲ್ಲಿ ಕಟ್ಟಿದ ಮರದ ಯುದ್ಧನೌಕೆಗಳು ಮೂರು ಸಮುದ್ರ ಸುತ್ತಿದವು. ಅವುಗಳಲ್ಲಿ ಒಂದು, ಇನ್ನೂರು ವರ್ಷ ದಾಟಿದ ಮೇಲೂ, ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್ ಎಂಬ ಊರಿನಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿದೆ.

ಈ ಹಡಗುಗಳನ್ನು ಕಟ್ಟಿದವರು ವಾಡಿಯಾ ಮನೆತನದ ಪಾರಸಿಗಳು. ಮನೆತನದ ಮೂಲಪುರುಷ ಲೌಜಿ ನಸರ್ವಾನ್‌ಜಿ 1736ರಲ್ಲಿ ಸೂರತ್ತಿನಿಂದ ಮುಂಬಯಿಗೆ ಬಂದ. ಅವನೂ ನಮ್ಮ ಹಾಗೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನೇ ಎನ್ನಿ. ಅವನ ಮೊಮ್ಮಗ ಜಮ್‌ಶೇಟ್‌ಜಿ ಬೊಮನ್‌ಜಿಯ ಕಾಲದಲ್ಲಿ ಈ ಗೋದಿಯ ಕೀರ್ತಿ ಲಂಡನ್ನಿನವರೆಗೆ ಮುಟ್ಟಿತು. ನೆಪೋಲಿಯನ್ನನೊಡನೆ ನಡೆದ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಅಭಾವ ಬಂದಿತ್ತು. ಇಲ್ಲಿಯಾದರೋ ಮಲಬಾರ್, ಕೆನರಾ ಕಾಡುಗಳ ತೇಗ ಸಮುದ್ರಮಾರ್ಗವಾಗಿ ಮುಂಬಯಿಗೆ ಬಂದು ಬೀಳುತ್ತಿತ್ತು. ತೇಗದಲ್ಲಿರುವ ಎಣ್ಣೆಯಂಶ ಹುಳುವನ್ನು ದೂರವಿಡುತ್ತದೆ. ಓಕ್ ಮರದ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುವಂತೆ ತೇಗ ತಿನ್ನುವುದಿಲ್ಲ. 1810ರಲ್ಲಿ 74 ತೋಪುಗಳ 'ಮಿಂಡೆನ್' ಎಂಬ ಹಡಗು ಇಲ್ಲಿಂದ ಇಳಿಯಿತು. 1813ರಲ್ಲಿ ಇಳಿದ 'ಕಾರ್ನ್‌ವಾಲಿಸ್' ಹಡಗಿನ ಮೇಲೆಯೇ 1842ರ ಆಗಸ್ಟ್ 29ರಂದು ಇಂಗ್ಲಿಷರೂ ಚೀನದವರೂ ನಾನ್‌ಕಿಂಗ್ ಒಪ್ಪಂದಕ್ಕೆ ರುಜು ಹಾಕಿದರು. ಹಾಂಗ್‌ಕಾಂಗ್ ಇಂಗ್ಲಿಷರ ಕೈಗೆ ಹೋದದ್ದು ಆ ಒಪ್ಪಂದದಿಂದ. ಆ ಒಪ್ಪಂದದ ಮೇಜಿನ ಕೆಳಗಿದ್ದ ಹಲಗೆ ನಮ್ಮ ಘಟ್ಟಗಳ ಕಡೆಯ ತೇಗ, ಅದಕ್ಕೆ ಬಾಚಿ ಆಡಿಸಿದ ಕೈ ಮುಂಬಯಿಯದು.

ಜಮ್‌ಶೇಟ್‌ಜಿಯ ಬಗೆಗೆ ಒಂದು ಕಥೆ ಪ್ರಚಾರದಲ್ಲಿದೆ. ತಾನು 1800ರಲ್ಲಿ ಕಟ್ಟಿದ ಒಂದು ಹಡಗಿನ ಒಳತೊಲೆಯ ಮೇಲೆ, ಯಾರ ಕಣ್ಣಿಗೂ ಬೀಳದ ಕಡೆ, ಇದನ್ನು ಕಟ್ಟಿದವನು ಒಬ್ಬ ಹಾಳು ಕರಿಯ ಎಂಬರ್ಥದ ಮಾತನ್ನು ಅವನು ಕೆತ್ತಿದ್ದನಂತೆ. ವರ್ಷಗಳು ಕಳೆದು ಹಡಗು ದುರಸ್ತಿಗೆಂದು ಅದೇ ಗೋದಿಗೆ ಬಂದಾಗ ಅದನ್ನು ತಾನೇ ತೋರಿಸಿದನಂತೆ. ಕಥೆ ಹೇಗಾದರೂ ಇರಲಿ. ಕಟ್ಟಿದವನ ಹೆಸರು ಎಲ್ಲಿ ಉಳಿಯುತ್ತದೆ, ಎಲ್ಲಿ ಅಳಿಯುತ್ತದೆ ಎಂಬ ಪ್ರಶ್ನೆ ಅದರೊಳಗಿದೆ. ಈ ಲೇಖನದ ಪ್ರಶ್ನೆಯೂ ಅದೇ.

ಹಡಗು ಕಟ್ಟುವ ಕೈಗಳು ಇಲ್ಲಿಯವು. ನಕ್ಷೆ ಮಾತ್ರ ಲಂಡನ್ನಿನಿಂದ ಬರಬೇಕಾಗಿತ್ತು. ರಾಜನೌಕಾಪಡೆಯ ಕಚೇರಿಯಲ್ಲಿ ಪ್ರತಿಯೊಂದು ಹಡಗಿಗೂ ಅಳತೆಯ ನಕ್ಷೆ ತಯಾರಾಗುತ್ತಿತ್ತು. ಅದರ ನಕಲು ಪ್ರತಿಯನ್ನು ಕಟ್ಟುವವನಿಗೆ ಕಳುಹಿಸುತ್ತಿದ್ದರು. ಈ ನಕಲು ಪ್ರತಿಯ ಮೇಲೆ ಒಂದು ದೊಡ್ಡ ಕಥೆಯೇ ನಡೆದಿದೆ. 1812ರ ಕೊನೆಯಲ್ಲಿ 'ಜಾವಾ' ಎಂಬ ಯುದ್ಧನೌಕೆ ಮುಂಬಯಿಗೆಂದು ಇಂಗ್ಲೆಂಡಿನಿಂದ ಹೊರಟಿತು. ಅದರಲ್ಲಿ ಸೇನಾಧಿಕಾರಿ ಹಿಸ್ಲಪ್ ಇದ್ದ, ಇಲ್ಲಿಯ ಹಡಗುಗಳಿಗೆ ಬೇಕಾದ ತಾಮ್ರದ ತಗಡುಗಳಿದ್ದುವು, ಇಲ್ಲಿ ಕಟ್ಟಬೇಕಾದ ಹಡಗುಗಳ ನಕ್ಷೆಗಳೂ ಇದ್ದುವು. ಆಗ ಇಂಗ್ಲೆಂಡಿಗೂ ಅಮೆರಿಕಕ್ಕೂ ಯುದ್ಧ. ಡಿಸೆಂಬರ್ 29ರಂದು ಬ್ರೆಜಿಲ್ ದೇಶದ ಕರಾವಳಿಯ ಆಚೆ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ಹಡಗು ಎದುರಾಯಿತು. ಕೆಲವೇ ಗಂಟೆಗಳ ಕದನ. 'ಜಾವಾ'ದ ಕೂವೆಮರಗಳೆಲ್ಲ ಉರುಳಿದುವು. ಅದರ ನಾಯಕ ಲ್ಯಾಂಬರ್ಟ್ ಮರಣದ ಗಾಯಪಟ್ಟ. ಹಡಗನ್ನು ಬಂದರಿಗೆ ಎಳೆದೊಯ್ಯುವಷ್ಟು ಸತ್ತ್ವವೂ ಅದರಲ್ಲಿ ಉಳಿದಿಲ್ಲವೆಂದು ಗೆದ್ದವರು ಅದಕ್ಕೆ ಬೆಂಕಿ ಇಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಕ್ಷೆಗಳು ಮುಂಬಯಿಯನ್ನು ಕಾಣಲೇ ಇಲ್ಲ.

ಇದರ ಪರಿಣಾಮವನ್ನು ನೋಡಿ. 'ವೆಲ್ಲೆಸ್ಲಿ' ಎಂಬ 74 ತೋಪುಗಳ ಹಡಗನ್ನು ಇಂಗ್ಲೆಂಡಿನಲ್ಲಿ ನಿಶ್ಚಯಿಸಿದ್ದ ಬೇರೊಂದು ಮಾದರಿಯಂತೆ ಇಲ್ಲಿ ಕಟ್ಟಬೇಕಾಗಿತ್ತು. ನಕ್ಷೆ ಬರಲಿಲ್ಲ. ವಾಡಿಯಾಗಳು ಕೈಕಟ್ಟಿ ಕೂರಲಿಲ್ಲ. ಆಗತಾನೇ ಇಳಿಸಿದ 'ಕಾರ್ನ್‌ವಾಲಿಸ್' ಹಡಗಿನ ಅಳತೆಯಲ್ಲಿಯೇ 1815ರಲ್ಲಿ ಅದನ್ನು ಕಟ್ಟಿ ಮುಗಿಸಿದರು. 'ಟ್ರಿಂಕೋಮಲೀ' ಎಂಬ ಚಿಕ್ಕ ಯುದ್ಧನೌಕೆಯ ಕಥೆ ಬೇರೆ. 1812ರ ಅಕ್ಟೋಬರಿನಲ್ಲಿಯೇ ಆಜ್ಞೆಯಾಗಿದ್ದರೂ ನಕ್ಷೆಯ ಎರಡನೆಯ ಪ್ರತಿ ಬಂದು ಕೆಲಸ ಹಿಡಿಯುವ ಹೊತ್ತಿಗೆ 1816 ಆಯಿತು. ವಾಡಿಯಾಗಳ ಪದ್ಧತಿಯಂತೆ ಅಡಿತೊಲೆಗೆ ಬೆಳ್ಳಿಯ ಮೊಳೆ ಹೊಡೆದು ಕೆಲಸ ಆರಂಭಿಸಿದರು. 1817ರ ಅಕ್ಟೋಬರ್ 12ರಂದು ಹಡಗು ಕಡಲಿಗಿಳಿಯಿತು. ಅಷ್ಟರಲ್ಲಿ ನೆಪೋಲಿಯನ್ ಸೋತು ಸೇಂಟ್ ಹೆಲೀನಾ ದ್ವೀಪ ಸೇರಿ ಎರಡು ವರ್ಷವಾಗಿತ್ತು. ಯುದ್ಧಕ್ಕೆಂದು ಹೊರಟ ಹಡಗಿಗೆ ಯುದ್ಧವೇ ಇಲ್ಲ! ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ಅದು 1819ರ ಜನವರಿಯಲ್ಲಿ ಅದೇ ಸೇಂಟ್ ಹೆಲೀನಾದಲ್ಲಿ ಕೆಲವು ದಿನ ತಂಗಿತ್ತು. ಇದು ಬಹುಕಾಲ ತರಬೇತಿಯ ಹಡಗಾಗಿ 'ಫೂಡ್ರಾಯಾಂಟ್' ಎಂಬ ಬೇರೊಂದು ಹೆಸರಿನಲ್ಲಿ ಇತ್ತು. 1987ರಲ್ಲಿ ಹಾರ್ಟ್‌ಲ್‌ಪೂಲಿಗೆ ತಂದು, ಹತ್ತು ವರ್ಷಕ್ಕೂ ಮಿಕ್ಕಿ ದುರಸ್ತಿ ನಡೆಸಿ, 2001ರಲ್ಲಿ ಪೂರ್ಣಗೊಳಿಸಿದರು. ಹಳೆಯ ಹೆಸರು 1992ರಲ್ಲಿಯೇ ಮರಳಿ ಬಂದಿತ್ತು. ಒಡಲಿನ ಅರ್ಧಕ್ಕಿಂತ ಹೆಚ್ಚು ಮರ ಇವತ್ತಿಗೂ ಮುಂಬಯಿಯಲ್ಲಿ ಕೂಡಿಸಿದ ತೇಗವೇ.

ಕಚೇರಿಯ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಈ ಕಥೆಯಲ್ಲಿ ಒಂದು ಪಾಠವಿದೆ. ಮೂಲಪ್ರತಿ ಕಳುಹಿಸುವ ಮೊದಲು ನಕಲು ತೆಗೆದಿಡು ಎಂದು ಮೇಲಿನವರು ಹೇಳಿದಾಗ ನಾವು ಒಳಗೊಳಗೇ ಗೊಣಗುತ್ತೇವೆ. ಲಂಡನ್ನಿನ ಯಾವನೋ ಒಬ್ಬ ಗುಮಾಸ್ತ ಮೂಲಪ್ರತಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದರಿಂದಲೇ 'ಟ್ರಿಂಕೋಮಲೀ' ಹುಟ್ಟಿತು.

ಇಷ್ಟು ಕೇಳಿದ ಮೇಲೆ ಆ ನಕ್ಷೆ ಹೇಗಿರುತ್ತದೆ ಎಂದು ತಿಳಿಯುವ ಆಸೆ ವಾಚಕರಿಗೆ ಆಗದಿರದು. ಲಂಡನ್ನಿನ ಬಳಿಯ ಗ್ರೀನಿಚ್ಚಿನಲ್ಲಿ 1937ರಲ್ಲಿ ತೆರೆದ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದಲ್ಲಿ ಇಂಥ ನಕ್ಷೆಗಳು ಹತ್ತು ಲಕ್ಷದಷ್ಟು ಇವೆ. ಶುಲ್ಕ ಕೊಟ್ಟರೆ ಪ್ರತಿ ದೊರೆಯುತ್ತದೆ. ಹಳೆಯ ಹಡಗುಗಳ ಪುಟ್ಟ ಮಾದರಿಗಳನ್ನು ಮನೆಯಲ್ಲಿ ಕಟ್ಟುವ ಹವ್ಯಾಸಿಗಳು ಪ್ರಪಂಚದ ನಾನಾ ದೇಶಗಳಲ್ಲಿದ್ದಾರೆ. ಅವರಿಗೆ ಈ ನಕ್ಷೆಗಳೇ ವೇದ.

ನೋಡಿದೊಡನೆ ಇವು ಅರ್ಥವಾಗುವುದಿಲ್ಲ. ಆದರೆ ಅಡಿಗೆಮನೆಯ ಒಂದು ಸೌತೆಕಾಯಿಯಿಂದ ಗುಟ್ಟು ತಿಳಿಯುತ್ತದೆ. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಅಡ್ಡಕ್ಕೆ ಹೆಚ್ಚಿ, ಆ ಬಿಲ್ಲೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಎದುರಿನಿಂದ ನೋಡಿದರೆ ಕಾಣುವುದು ಒಂದು ನಕ್ಷೆ. ಹಡಗಿನ ಎರಡೂ ಬದಿ ಒಂದೇ ರೀತಿ ಇರುವುದರಿಂದ ಅರ್ಧವನ್ನು ಮಾತ್ರ ಬರೆದರೆ ಸಾಕು. ಹೀಗಾಗಿ ನಡುಗೆರೆಯ ಬಲಕ್ಕೆ ಮುಂಭಾಗದ ಬಿಲ್ಲೆಗಳು, ಎಡಕ್ಕೆ ಹಿಂಭಾಗದ ಬಿಲ್ಲೆಗಳು. ಅದೇ ಸೌತೆಕಾಯಿಯನ್ನು ಮಲಗಿಸಿ, ಉದ್ದಕ್ಕೆ ಪದರ ಪದರವಾಗಿ ಸೀಳಿ ಮೇಲಿನಿಂದ ನೋಡಿದರೆ ಎರಡನೆಯ ನಕ್ಷೆ. ನೀರು ಹಡಗನ್ನು ಬೇರೆ ಬೇರೆ ಎತ್ತರದಲ್ಲಿ ಎಲ್ಲಿ ಮುಟ್ಟುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಮೂರನೆಯದು ಬದಿಯಿಂದ ಕಾಣುವ ನೋಟ. ಅಡಿತೊಲೆ, ತೋಪಿನ ಕಿಂಡಿಗಳು, ಅಟ್ಟಗಳು, ಮುಂದಿನ ಮೂತಿ, ಹಿಂದಿನ ಚುಕ್ಕಾಣಿ ಎಲ್ಲ ಇದರಲ್ಲಿ ಇರುತ್ತವೆ. ಈ ಮೂರಕ್ಕೂ ತಾಳೆ ಬೀಳಬೇಕು. ಒಂದರಲ್ಲಿಯ ಎತ್ತರ ಮತ್ತೊಂದರಲ್ಲಿಯ ಎತ್ತರಕ್ಕೆ, ಒಂದರ ಅಗಲ ಇನ್ನೊಂದರ ಅಗಲಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಜಮಾ ಖರ್ಚಿನ ಪುಸ್ತಕ ಬರೆದವರಿಗೆ ಇದು ಹೊಸದಲ್ಲ.

ಹಳೆಯ ನಕ್ಷೆಗಳಲ್ಲಿ ಸಾಮಾನ್ಯವಾಗಿ ಕಾಲು ಅಂಗುಲಕ್ಕೆ ಒಂದು ಅಡಿ, ಎಂದರೆ 48ರಲ್ಲಿ ಒಂದು ಪಾಲು. 'ಟ್ರಿಂಕೋಮಲೀ' ಹಡಗಿನ ತೋಪಿನ ಅಟ್ಟ ಸುಮಾರು 150 ಅಡಿ ಉದ್ದ, ಒಡಲು ಸುಮಾರು 40 ಅಡಿ ಅಗಲ. ಕಾಗದದ ಮೇಲೆ ಇದು ಮೂರು ಅಡಿಗೂ ಮಿಕ್ಕಿದ ಉದ್ದ, ಹತ್ತು ಅಂಗುಲ ಅಗಲವಾಗುತ್ತದೆ. ನಮ್ಮ ಮನೆಗಳಲ್ಲಿ ಇಷ್ಟು ದೊಡ್ಡ ಮಾದರಿಯನ್ನು ಇಡಬೇಕಾದರೆ ಒಬ್ಬರು ಹೊರಗೆ ಮಲಗಬೇಕಾದೀತು. ಆದುದರಿಂದ ಅದರ ಅರ್ಧ, 96ರಲ್ಲಿ ಒಂದು ಪಾಲು, ಮುಂಬಯಿಯ ಖೋಲಿಗೆ ಯೋಗ್ಯ. ಸುಮಾರು ಹತ್ತೊಂಬತ್ತು ಅಂಗುಲದ ಒಡಲು, ಹಾರ್ಮೋನಿಯಂ ಪೆಟ್ಟಿಗೆ ಇಡುವಷ್ಟು ಜಾಗ ಸಾಕು.

ನಕ್ಷೆಯನ್ನು ಓದುವಾಗ ಎಚ್ಚರಿಕೆಗಳೂ ಬೇಕು. ಹಳೆಯ ಕಾಗದ ಕುಗ್ಗಿರುತ್ತದೆ, ನಕಲು ತೆಗೆಯುವಾಗ ಹಿಗ್ಗಿರುತ್ತದೆ. ಆದುದರಿಂದ ನಮ್ಮ ಅಳತೆಪಟ್ಟಿಯನ್ನು ನಂಬದೆ, ನಕ್ಷೆಯ ಮೇಲೆಯೇ ಬರೆದ ಅಳತೆಗೆರೆಯನ್ನು ನಂಬಬೇಕು. ಕಾಗದದ ಜೊತೆಗೆ ಅದೂ ಕುಗ್ಗಿರುತ್ತದಷ್ಟೆ. ಎರಡನೆಯದು, ನಕ್ಷೆ ತೋರಿಸುವುದು ಪಕ್ಕೆಲುಬಿನ ಹೊರಮೈಯನ್ನು. ಅದರ ಮೇಲೆ ಹೊದಿಸುವ ಹಲಗೆಯ ದಪ್ಪ ಅದರಲ್ಲಿ ಸೇರಿಲ್ಲ. ಇದನ್ನು ಮರೆತವರ ಹಡಗು ಹಬ್ಬದೂಟ ಉಂಡವರ ಹೊಟ್ಟೆಯಂತೆ ಅಗಲವಾಗುತ್ತದೆ. ಮೂರನೆಯದು, ಯಾವ ವರ್ಷದ ಹಡಗು ಎಂದು ಮೊದಲೇ ನಿರ್ಧರಿಸಬೇಕು. 'ಟ್ರಿಂಕೋಮಲೀ'ಯನ್ನು 1845ರಲ್ಲಿ ಹಿಡಿದು ಹಿಂಭಾಗದ ಆಕಾರ ಬದಲಿಸಿ, ತೋಪುಗಳ ಸಂಖ್ಯೆ ಇಳಿಸಿ, ಬೇರೆಯೇ ವರ್ಗಕ್ಕೆ ಸೇರಿಸಿದರು. 1817ರ ಮುಖಕ್ಕೆ 1845ರ ಬೆನ್ನು ಅಂಟಿಸಿದರೆ ಅದು ಯಾವ ಹಡಗೂ ಅಲ್ಲ. ನಾಲ್ಕನೆಯದು, ಒಡಲಿನ ನಕ್ಷೆಯಲ್ಲಿ ಕೂವೆಮರ, ಹಾಯಿ, ಹಗ್ಗಗಳ ವಿವರ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಡೇವಿಡ್ ಸ್ಟೀಲ್ 1794ರಲ್ಲಿ ಅಚ್ಚು ಹಾಕಿಸಿದ ಗ್ರಂಥದಂಥವುಗಳ ಕೋಷ್ಟಕಗಳನ್ನು ನೋಡಬೇಕು.

ಇಷ್ಟಕ್ಕೂ ಈ ನಕ್ಷೆಯ ಮೂಲ ಇಂಗ್ಲಿಷರದೇ ಎಂದುಕೊಳ್ಳಬೇಕಾದ್ದಿಲ್ಲ. 1782ರಲ್ಲಿ ಇಂಗ್ಲಿಷರು 'ಹೇಬೆ' ಎಂಬ ಫ್ರೆಂಚ್ ಹಡಗನ್ನು ಹಿಡಿದರು. ಸಾನೇ ಎಂಬ ಫ್ರೆಂಚ್ ಶಿಲ್ಪಿಯ ಕಲ್ಪನೆ ಅದು. ಸೆರೆಹಿಡಿದ ಹಡಗನ್ನು ಗೋದಿಗೆ ಹತ್ತಿಸಿ, ಅಂಗುಲ ಅಂಗುಲವಾಗಿ ಅಳೆದು, ನಕ್ಷೆ ಬರೆದುಕೊಂಡು, ಅದರಂತೆ 'ಲೀಡಾ' ಎಂಬ ಹಡಗನ್ನೂ ಆಮೇಲೆ ಅದರ ಹತ್ತಾರು ತಂಗಿಯರನ್ನೂ ಕಟ್ಟಿದರು. 'ಟ್ರಿಂಕೋಮಲೀ' ಆ ತಂಗಿಯರಲ್ಲಿ ಒಬ್ಬಳು. ಫ್ರೆಂಚರ ಕಲ್ಪನೆ, ಇಂಗ್ಲಿಷರ ನಕಲು, ನಮ್ಮ ಘಟ್ಟದ ತೇಗ, ಪಾರಸಿಯ ಕೈ, ಸಿಂಹಳದ ಬಂದರಿನ ಹೆಸರು! ಅಳೆದು ಬರೆದಿಟ್ಟುಕೊಂಡವನಿಗೆ ಪರರ ವಿದ್ಯೆಯೂ ತನ್ನದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಈ ವಿದ್ಯೆಯನ್ನು ವಾಡಿಯಾಗಳೂ ಬೇಗ ಅರಿತರು. ಅವರ ಮನೆಯ ಇಬ್ಬರು ತರುಣರು, ಜಹಾಂಗೀರ್ ನವರೋಜಿ ಮತ್ತು ಹೀರ್ಜೀಭಾಯಿ ಮೇರ್ವಾನ್‌ಜಿ, 1838ರಲ್ಲಿ ಹಡಗುಶಿಲ್ಪ ಕಲಿಯಲು ಇಂಗ್ಲೆಂಡಿಗೆ ಹೋಗಿ ಚ್ಯಾಟಮ್ ಗೋದಿಯಲ್ಲಿ ಅಭ್ಯಾಸ ಮಾಡಿದರು. ತಮ್ಮ ಎರಡೂವರೆ ವರ್ಷದ ವಾಸದ ವೃತ್ತಾಂತವನ್ನು 1841ರಲ್ಲಿ ಪುಸ್ತಕವಾಗಿಯೂ ತಂದರು.

ಕನ್ನಡ ನಾಡಿಗೆ ಇನ್ನೂ ಹತ್ತಿರದ ಒಂದು ಹಡಗು ಈ ಗೋದಿಯಿಂದ ಹೊರಟಿದೆ. 1796ರಲ್ಲಿ ಟಿಪ್ಪು ಸುಲ್ತಾನ ತನ್ನ ಕರಾವಳಿಯಲ್ಲಿ ದೊಡ್ಡ ಯುದ್ಧನೌಕೆಗಳನ್ನೂ ಫ್ರಿಗೇಟುಗಳನ್ನೂ ಕಟ್ಟಬೇಕೆಂದು ಆಜ್ಞೆ ಮಾಡಿದ್ದ. ಮೂರೇ ವರ್ಷಗಳಲ್ಲಿ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು, ಸುಲ್ತಾನನೂ ಬಿದ್ದ. ಇಪ್ಪತ್ತು ವರ್ಷದ ಮೇಲೆ, 1819ರಲ್ಲಿ, ಇದೇ ಮುಂಬಯಿ ಗೋದಿಯಿಂದ ಇಂಗ್ಲಿಷರ ಹೊಸ ಯುದ್ಧನೌಕೆ ಇಳಿಯಿತು. ಅದರ ಹೆಸರು 'ಸೆರಿಂಗಪಟಮ್'. ಅದರ ಮೂತಿಯಲ್ಲಿದ್ದ ಮರದ ಗೊಂಬೆ ಇಂದಿಗೂ ಗ್ರೀನಿಚ್ಚಿನ ಸಂಗ್ರಹಾಲಯದಲ್ಲಿದೆ: ಪುರಾಣದ ದೊಡ್ಡ ಹಕ್ಕಿಯೊಂದರ ಮೇಲೆ ಕೊಡೆ ಹಿಡಿದು ಕುಳಿತ, ರುಮಾಲು ತೊಟ್ಟ ಪುರುಷ. ಅವನು ಟಿಪ್ಪುವೇ ಎಂದು ಹೇಳುವುದುಂಟು. ಸೋತ ಊರಿನ ಹೆಸರನ್ನು ಗೆದ್ದವರು ಹಡಗಿಗಿಟ್ಟು ಲೋಕವೆಲ್ಲ ಸುತ್ತಿಸಿದರು. ಹಡಗನ್ನು 1873ರಲ್ಲಿ ಒಡೆದರು. ಗೊಂಬೆ ಉಳಿದಿದೆ.

ನಮ್ಮ ಕಟ್ಟಡದಲ್ಲಿ ಅಂಕೋಲೆಯ ಕಡೆಯ ಹಿರಿಯರೊಬ್ಬರಿದ್ದಾರೆ. ಹಡಗು ಕಟ್ಟುವ ಕಾರಖಾನೆಯೊಂದರಲ್ಲಿ ನಕ್ಷೆ ತೆಗೆಯುವ ಕೆಲಸ ಮಾಡಿ ನಿವೃತ್ತರಾದವರು. ಕಟ್ಟಡದ ಮಕ್ಕಳಿಗೆಲ್ಲ ಮಾಮ. ಮೂರು ವರ್ಷಗಳಿಂದ 'ಟ್ರಿಂಕೋಮಲೀ'ಯ ಮಾದರಿ ಕಟ್ಟುತ್ತಿದ್ದಾರೆ. ಬಾಗಿಲ ಹಿಂದೆ ಹಲಗೆಯೊಂದರ ಮೇಲೆ ಅದರ ಪಕ್ಕೆಲುಬುಗಳು ಮೀನಿನ ಮುಳ್ಳಿನಂತೆ ಸಾಲಾಗಿ ನಿಂತಿವೆ. ಗೆರೆ ಸರಾಗವಾಗಿ ಹರಿಯುತ್ತದೆಯೇ ಎಂದು ನೋಡಲು ಬಿದಿರಿನ ತೆಳ್ಳನೆಯ ಸೀಳೊಂದನ್ನು ಪಕ್ಕೆಲುಬುಗಳ ಮೇಲೆ ಬಾಗಿಸಿ ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಎಲ್ಲಿಯಾದರೂ ಸೀಳು ತಾಕದೆ ಬೆಳಕು ಕಂಡರೆ ಆ ಪಕ್ಕೆಲುಬು ತಪ್ಪು. ಈಚೆಗೆ ಅವರ ಕಣ್ಣು ಮಂಜಾಗಿದೆ. ನಕ್ಷೆಯ ಸಣ್ಣ ಅಕ್ಷರ, ಅಂಕೆಗಳನ್ನು ಓದಿ ಹೇಳುವುದು ಭಾನುವಾರಗಳಂದು ನನ್ನ ಪಾಲಿನ ಕೆಲಸ.

ಕಳೆದ ಮಳೆಗಾಲದಲ್ಲಿ ಒಂದು ದಿನ ಅವರ ಮೇಜಿನ ಮೇಲೆ ಬೇರೆ ಮೂರು ಕಾಗದಗಳನ್ನು ಕಂಡೆ. ಮೂರರಲ್ಲಿಯೂ ಒಂದೇ ದೋಣಿ, ಆದರೆ ಮೂತಿಯ ಬಾಗು ಮೂರರಲ್ಲಿಯೂ ಬೇರೆ ಬೇರೆ. ಇದೇನು ಮಾಮ ಎಂದು ಕೇಳಿದೆ.

"ನಮ್ಮ ಅಪ್ಪ ಕಟ್ಟಿದ ಮಚ್ವೆ ತಮ್ಮಾ. ಉದ್ದ ನೆನಪಿದೆ, ಇಪ್ಪತ್ನಾಲ್ಕು ಮೊಳ. ಎಷ್ಟು ಹಲಗೆ ಅಂತ ನೆನಪಿದೆ. ಹಲಗೆಗೆ ಹಚ್ಚುವ ಮೀನೆಣ್ಣೆಯ ವಾಸನೆ ಇನ್ನೂ ಮೂಗಿನಲ್ಲಿದೆ. ಮೂತಿ ಎಷ್ಟು ಬಾಗಿತ್ತು, ಅದೊಂದು ಬರೂದಿಲ್ಲ."

"ಅವರು ಬರೆದಿಟ್ಟಿರಲಿಲ್ಲವೇ?"

"ಎಲ್ಲಿಯ ಬರೆಯೋದು! ಒಂದು ಕೋಲು, ಒಂದು ದಾರ, ಕಣ್ಣು. ಮರ ನೋಡಿಯೇ ದೋಣಿ ಹೇಳುತ್ತಿದ್ದರು. ನಾನು ಪಟ್ಟಣಕ್ಕೆ ಬಂದು ಇಂಗ್ಲಿಷರ ಹಡಗಿನ ಪಕ್ಕೆಲುಬೆಲ್ಲ ಬಾಯಿಪಾಠ ಮಾಡಿದೆ. ಇನ್ನೂರು ವರ್ಷದ ಹಿಂದಿನದು ಕಾಲು ಅಂಗುಲ ತಪ್ಪದೆ ಹೇಳುತ್ತೇನೆ. ಐವತ್ತು ವರ್ಷದ ಹಿಂದೆ ನಾನೇ ಸುತ್ತಿಗೆ ಎತ್ತಿಕೊಟ್ಟ ದೋಣಿಯದು ಹೇಳಲಿಕ್ಕೆ ಬರೂದಿಲ್ಲ."

ಆ ಮಚ್ವೆ ಈಗಿಲ್ಲ. ಹಳತಾಗಿ ದಡದಲ್ಲಿ ಬಿದ್ದು, ಕಡೆಗೆ ಒಲೆಗೆ ಹೋಯಿತಂತೆ. ಅವರು ಕೈಯನ್ನು ಗಾಳಿಯಲ್ಲಿ ಎತ್ತಿ ಒಂದು ಬಾಗು ತೋರಿಸಿದರು. ಸ್ವಲ್ಪ ಹೊತ್ತು ಯೋಚಿಸಿ, ಕೈಯನ್ನು ಇನ್ನಷ್ಟು ಬಾಗಿಸಿದರು. ಅನಂತರ ಇಳಿಸಿಬಿಟ್ಟರು. ನಾನು ಸುಮ್ಮನೆ ನಕ್ಷೆಯ ಅಂಕೆ ಓದತೊಡಗಿದೆ.

ನಮ್ಮ ಕರಾವಳಿಯ ದೋಣಿಗಳನ್ನು ಯಾರೂ ಅಳೆಯಲೇ ಇಲ್ಲವೆಂದಲ್ಲ. ಎದ್ಮಾಂ ಪಾರಿಸ್ ಎಂಬ ಫ್ರೆಂಚ್ ನೌಕಾಧಿಕಾರಿ 1830ರ ದಶಕದ ತನ್ನ ಯಾನಗಳಲ್ಲಿ ಹೋದ ಹೋದ ಬಂದರುಗಳಲ್ಲೆಲ್ಲ ಸ್ಥಳೀಯ ದೋಣಿಗಳನ್ನು ಅಳೆದು ಬರೆದುಕೊಂಡ. 1840ರ ದಶಕದ ಆರಂಭದಲ್ಲಿ ಅಚ್ಚಾದ ಅವನ ದೊಡ್ಡ ಗ್ರಂಥದಲ್ಲಿ ಪಶ್ಚಿಮ ಕರಾವಳಿಯ ಪತ್ತೇಮಾರಿಯೂ ಇದೆ. ಅದರ ಮಾದರಿ ಕಟ್ಟಬೇಕೆನ್ನುವವರು ಇಂದೂ ಅವನ ಗ್ರಂಥವನ್ನೇ ಹುಡುಕುತ್ತಾರೆ. ದೂರದೇಶದವನು ಕೆಲವು ದಿನ ಬಂದರಿನಲ್ಲಿ ನಿಂತು ಮಾಡಿದ ಕೆಲಸ ಇದು. ನಾವು ಆ ದೋಣಿಗಳಲ್ಲಿಯೇ ಹುಟ್ಟಿ ಬೆಳೆದವರು.

ಮಕ್ಕಳನ್ನು ಕರೆದುಕೊಂಡು ಇದನ್ನೆಲ್ಲ ನೋಡಬೇಕೆನ್ನುವವರು ಒಂದು ಭಾನುವಾರ ಹೀಗೆ ಹೊರಡಬಹುದು. ಬೆಳಿಗ್ಗೆ ಬಿಸಿಲೇರುವ ಮೊದಲು ಹಾರ್ನಿಮನ್ ಸರ್ಕಲಿನಿಂದ ನಡೆದು ಲಯನ್ ಗೇಟನ್ನು ಹೊರಗಿನಿಂದಲೇ ನೋಡಿ. ಅಲ್ಲಿಂದ ಕಾಲಾ ಘೋಡಾ ಬಳಸಿ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಬಂದರೆ, ನೌಕಾಯಾನಕ್ಕೆ ಸಂಬಂಧಿಸಿದ ವಿಭಾಗವೊಂದನ್ನು ಕಾಣಬಹುದು. ಮುಂದೆ ಗೇಟ್‌ವೇ ಬಳಿ ನಿಂತು ಎಡಕ್ಕೆ ನೋಡಿದರೆ ಗೋದಿಯ ಹಡಗುಗಳ ಬೂದು ಬಣ್ಣದ ಬೆನ್ನು ಕಾಣುತ್ತದೆ. ಊರಿಗೆ ಹೋದಾಗ ಕಾರವಾರ ಹತ್ತಿರವಿರುವವರು ಅಲ್ಲಿಯ ಟಾಗೋರ್ ಕಡಲತೀರದಲ್ಲಿ ದಡಕ್ಕೆ ಹತ್ತಿಸಿಟ್ಟ 'ಚಪಲ' ಎಂಬ ಯುದ್ಧನೌಕೆಯನ್ನೂ ತೋರಿಸಬಹುದು. ಮಕ್ಕಳ ಕೈಯಲ್ಲಿ ಒಂದು ಪಟ್ಟಿಪುಸ್ತಕ, ಪೆನ್ಸಿಲು ಇರಲಿ. ಮೊಬೈಲಿನ ಚಿತ್ರದಲ್ಲಿ ಮೂತಿ ಕಾಣುತ್ತದೆ. ಮೂತಿಯ ಅಳತೆ ಕಾಣುವುದಿಲ್ಲ.

ಅಳೆಯುವುದು ಕಷ್ಟದ ವಿದ್ಯೆಯಲ್ಲ. ಮಾಮ ಹೇಳಿಕೊಟ್ಟ ಕ್ರಮ ಇದು. ದಡಕ್ಕೆ ಎಳೆದಿಟ್ಟ ದೋಣಿಯನ್ನು ಓರೆಯಾಗದಂತೆ ನೆಟ್ಟಗೆ ನಿಲ್ಲಿಸಿ. ಮೂತಿಯಿಂದ ಹಿಂಭಾಗದವರೆಗೆ ನಡುವೆ ಒಂದು ದಾರ ಬಿಗಿಯಾಗಿ ಕಟ್ಟಿ, ಅದನ್ನು ಹತ್ತು ಸಮಭಾಗ ಮಾಡಿ ಗುರುತು ಹಾಕಿ. ಒಂದೊಂದು ಗುರುತಿನ ನೇರಕ್ಕೆ, ದೋಣಿಯ ಹೊರಗೆ, ನಡುದಾರದಿಂದ ಗೊತ್ತಾದ ಒಂದೇ ದೂರದಲ್ಲಿ, ಐದು ಅಡಿಯೋ ಆರು ಅಡಿಯೋ, ಒಂದು ಕೋಲನ್ನು ತೂಕದ ಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ. ನೆಲದಿಂದ ಅರ್ಧರ್ಧ ಅಡಿ ಎತ್ತರಕ್ಕೆ, ಕೋಲಿನಿಂದ ದೋಣಿಯ ಮೈವರೆಗೆ ಎಷ್ಟು ದೂರವೆಂದು ಅಡ್ಡಕ್ಕೆ ಅಳೆದು ಬರೆದುಕೊಳ್ಳಿ. ಒಟ್ಟು ದೂರದಿಂದ ಇದನ್ನು ಕಳೆದರೆ ಆ ಎತ್ತರದಲ್ಲಿ ದೋಣಿಯ ಅರ್ಧ ಅಗಲ ಸಿಕ್ಕಿತು. ಮೂತಿಗೂ ಹೀಗೆಯೇ, ಎದುರಿಗೆ ಒಂದು ಕೋಲು ನಿಲ್ಲಿಸಿ ಅಳೆಯಬೇಕು. ಇಬ್ಬರಿದ್ದರೆ ಒಂದು ಮಧ್ಯಾಹ್ನದ ಕೆಲಸ. ಜೊತೆಗೆ ದೋಣಿಯ ಹೆಸರು, ಊರು, ಕಟ್ಟಿದವರ ಹೆಸರು, ಯಾವ ಮರ, ಯಾವ ವರ್ಷ ಎಂಬುದನ್ನು ಅವಶ್ಯ ಬರೆಯಿರಿ. ಒಂದೊಂದು ಭಾಗಕ್ಕೆ ಅಲ್ಲಿಯ ಮೇಸ್ತ್ರಿಗಳು ಏನೆನ್ನುತ್ತಾರೆ ಎಂಬುದನ್ನೂ ಕೇಳಿ ಬರೆಯಿರಿ. ಆ ಮಾತುಗಳೂ ದೋಣಿಯ ಭಾಗಗಳೇ.

ನಮ್ಮ ಸಂಘದ ಸದಸ್ಯರಲ್ಲಿ ಕಾರವಾರ, ಕುಮಟೆ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆಗಳ ಕಡೆಯವರು ಅನೇಕರಿದ್ದಾರೆ. ದೀಪಾವಳಿಗೋ ಬೇಸಗೆಯ ರಜಕ್ಕೋ ಊರಿಗೆ ಹೋಗುವಾಗ ಉಡುಗೊರೆಗಳ ಚೀಲದಲ್ಲಿ ಒಂದು ಅಳತೆಯ ಟೇಪೂ ಇರಲಿ ಎಂಬುದು ನನ್ನ ಬಿನ್ನಹ. ಮರದ ದೋಣಿ ಇನ್ನೂ ಇದ್ದರೆ ಅಳೆಯಿರಿ. ದೋಣಿ ಹೋಗಿದ್ದು ಅದನ್ನು ಕಟ್ಟಿದವರು ಇದ್ದರೆ, ಅವರ ಪಕ್ಕದಲ್ಲಿ ಕುಳಿತು ಕೇಳಿ. ಬರೆದದ್ದರ ಒಂದು ಪ್ರತಿ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರಲಿ, ಇನ್ನೊಂದು ಪ್ರತಿಯನ್ನು ಸಂಘದ ಪುಸ್ತಕಾಲಯಕ್ಕೆ ಕೊಡಿ. ಒಂದು ಪ್ರತಿ ದಾರಿಯಲ್ಲಿ ಕಳೆದರೂ ಇನ್ನೊಂದು ಉಳಿದಿರುತ್ತದೆ.